ಉಪ್ಪುಗಾಳಿಗೆ ಸಜ್ಜಾದ ಗಾಡಿ

ಪುಣೆಯ ಹತ್ತಿರದ ನಿಗಡಿಯಲ್ಲಿ ಇರುವವರಿಗೆ ಗಾಡಿಯ ಮೇಲೆ ಸಂಸಾರ ಹೇರಿಕೊಂಡು ಹೊರಡುವುದು ಹೊಸ ನೋಟವೇನಲ್ಲ. ಜ್ಯೇಷ್ಠ ಬಹುಳ ಸಪ್ತಮಿಗೆ ದೇಹೂವಿನಿಂದ ಹೊರಡುವ ತುಕಾರಾಮ ಮಹಾರಾಜರ ಪಾಲಖಿ ನಮ್ಮ ಭಕ್ತಿ-ಶಕ್ತಿ ಚೌಕ ದಾಟಿ ಆಕುರ್ಡಿಯ ವಿಠ್ಠಲ ಗುಡಿಯಲ್ಲಿ ಮುಕ್ಕಾಂ ಮಾಡುತ್ತದೆ. ಪಾಲಖಿಯ ಹಿಂದೆ ಮುಂದೆ ನಡೆಯುವ ಪ್ರತಿಯೊಂದು ದಿಂಡಿಗೂ, ಅಂದರೆ ಯಾತ್ರಿಕರ ತಂಡಕ್ಕೂ, ಒಂದು ಲಾರಿ ಇರುತ್ತದೆ. ಅದರಲ್ಲಿ ಹಂಡೆ, ಪರಾತ, ಅಕ್ಕಿ, ಜೋಳದ ಹಿಟ್ಟು, ಒಲೆ, ರಾಹುಟಿಯ (ಡೇರೆಯ) ಬಟ್ಟೆ, ಗೂಟ, ಹಗ್ಗ. ಪಕ್ಕದಲ್ಲೊಂದು ನೀರಿನ ಟ್ಯಾಂಕರು. ನಡೆಯುವವರು ಊರು ಮುಟ್ಟುವ ಹೊತ್ತಿಗೆ ಲಾರಿ ಮೊದಲೇ ಬಂದು ರಾಹುಟಿ ಎದ್ದಿರಬೇಕು, ಅನ್ನ ಬೆಂದಿರಬೇಕು. ಮದುವೆಯಾಗಿ ಅಂಕೋಲೆಯಿಂದ ಈ ಊರಿಗೆ ಬಂದ ಮೇಲೆ ನಾನು ಆ ಲಾರಿಗಳಿಗೆ ಸಾಮಾನು ಹೇರುವುದನ್ನು ನಿಂತು ನೋಡಿದ್ದೇನೆ. ಮೊದಲು ಬೇಕಾದದ್ದನ್ನು ಕೊನೆಗೆ ಹೇರುತ್ತಾರೆ. ಗೂಟ, ಸುತ್ತಿಗೆ, ನೀರು ಬಾಗಿಲ ಹತ್ತಿರ. ಹಾಸಿಗೆ ಅದರ ಹಿಂದೆ. ದಿನಸಿಯ ಚೀಲ ಚಕ್ರದ ನೇರಕ್ಕೆ, ತಳದಲ್ಲಿ. ಶಿಬಿರದ ಗಾಡಿ ಕಟ್ಟುವ ಬಗ್ಗೆ ನಾನು ಕಲಿತ ಮೊದಲ ಪಾಠ ಅದೇ. ಈಗಲೂ ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ನಮ್ಮನೆಯವರು ವಿಜಯಪುರದ ಕಡೆಯವರು, ಭೋಸರಿಯ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ದುಡಿದು ನಿವೃತ್ತರಾದವರು. ನಾನು ಕಡಲತಡಿಯ ಹುಡುಗಿ. ಅವರಿಗೆ ಲೋಹ ಗೊತ್ತು, ನನಗೆ ನೀರು ಗೊತ್ತು. ಗಾಡಿಯಲ್ಲೇ ಮಲಗಿ, ಗಾಳ ಹಾಕುತ್ತ, ಕೊಂಕಣದ ಅಂಚು ಹಿಡಿದು ನನ್ನ ತವರಿನವರೆಗೆ ಹೋಗಬೇಕೆಂಬ ಆಸೆಗೆ ಈ ಎರಡೂ ತಿಳಿವಳಿಕೆ ಸೇರಬೇಕಾಯಿತು.

ಇಂಥ ಕೆಲಸಕ್ಕೆ ನಿಗಡಿಗಿಂತ ತಕ್ಕ ಊರು ದೇಶದಲ್ಲಿ ಕಡಿಮೆ. ಪಿಂಪ್ರಿ-ಚಿಂಚವಡದ ಕಾರ್ಮಿಕರಿಗೆ ಮನೆ ಒದಗಿಸಲೆಂದು 1972ರಲ್ಲಿ ನಮ್ಮ ಬಡಾವಣೆ ಕಟ್ಟಿದ ಪ್ರಾಧಿಕರಣ ಹುಟ್ಟಿತು. ನಮ್ಮ ಓಣಿಗಳಿಗೆ ಹೆಸರಿಗಿಂತ ಸೆಕ್ಟರ್ ನಂಬರೇ ಗಟ್ಟಿ. ಪಕ್ಕದ ಆಕುರ್ಡಿ 1958ರಲ್ಲಿ ಶುರುವಾದ ಬಜಾಜ್ ಟೆಂಪೋ ಕಂಪನಿಯ ಊರು, ಇಂದಿನ ಫೋರ್ಸ್ ಮೋಟರ್ಸ್. ಅದರ ಮೆಟಡೋರ್ ಒಂದು ಕಾಲಕ್ಕೆ ಎಷ್ಟು ಹಬ್ಬಿತ್ತೆಂದರೆ ನಮ್ಮ ಉತ್ತರ ಕನ್ನಡದಲ್ಲಿ ಮೀನು ಸಾಗಿಸುವ ಯಾವ ವ್ಯಾನು ಬಂದರೂ ‘ಮೆಟಡೋರ್ ಬಂತು’ ಅನ್ನುತ್ತಿದ್ದೆವು. ಗಾಡಿಗಳ ಮಾನದಂಡ ಬರೆಯುವ ಎಆರ್‌ಎಐ ಸಂಸ್ಥೆಯೂ 1966ರಿಂದ ಪುಣೆಯಲ್ಲೇ ಇದೆ. ಒಂದು ನಟ್ಟು ಬೇಕೆಂದರೆ ಚಿಂಚವಡದ ಸಂದಿಯಲ್ಲಿ ಸಿಗುತ್ತದೆ, ಪ್ಲೈವುಡ್ ಬೇಕೆಂದರೆ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿದೆ, ತಂತಿ-ಫ್ಯೂಸಿಗೆ ಬುಧವಾರ ಪೇಠೆಯ ಪಾಸೋಡ್ಯಾ ವಿಠೋಬಾ ಗುಡಿಯ ಸುತ್ತಿನ ಅಂಗಡಿಗಳಿವೆ. ಹಳೆಯ ಸೀಟಿನ ಕಬ್ಬಿಣ, ಹಿಂಜು, ಸ್ಲೈಡು ಚಿಖಲಿಯ ಕುದಳವಾಡಿಯ ಭಂಗಾರದಲ್ಲಿ ತೂಕದ ಲೆಕ್ಕಕ್ಕೆ ಸಿಗುತ್ತಿತ್ತು. 2025ರ ಫೆಬ್ರವರಿಯಲ್ಲಿ ನಗರಪಾಲಿಕೆ ಅಲ್ಲಿಯ ಗೋದಾಮುಗಳನ್ನು ಕೆಡವಿತು. ಬಿಸಾಕಿದ ವಸ್ತುವಿಗೆ ಎರಡನೆಯ ಬದುಕು ಕೊಡುತ್ತಿದ್ದ ಕೈಗಳು ಈಗ ಎಲ್ಲೆಲ್ಲಿಗೋ ಚದುರಿವೆ; ಆ ನೋವು ಹೇಳದೆ ಈ ಊರಿನ ಗಾಡಿಗಳ ಕಥೆ ಬರೆಯಲು ನನಗೆ ಮನಸ್ಸಾಗುವುದಿಲ್ಲ.

ಯಾವ ಗಾಡಿ ಅನ್ನುವುದರ ಮೇಲೆ ಮನೆಯಲ್ಲಿ ಬಹಳ ಮಾತಾಯಿತು. ಟೆಂಪೋ ಟ್ರಾವೆಲರ್ ಕೊಂಡು, ಆಸನ ಕಿತ್ತು, ಛಾವಣಿ ಎತ್ತರಿಸಿ, ಒಳಗೆ ಅಡುಗೆಮನೆ ಕಟ್ಟಿದವರ ಚಿತ್ರಗಳು ಯಾರ ಮನಸ್ಸನ್ನಾದರೂ ಎಳೆಯುತ್ತವೆ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಸ್ಪಷ್ಟವಾಗಿದೆ: ಆರ್‌ಸಿಯಲ್ಲಿ ಬರೆದ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಮಾಲೀಕರು ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಗಟ್ಟಿಯಾಗಿ ಹೇಳಿತು. ಮೋಟರ್ ಕ್ಯಾರವಾನ್‌ಗೆಂದೇ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ, ಅದರ ಪ್ರಕಾರ ಕಟ್ಟಿದ ಗಾಡಿಗಳೂ ಇವೆ, ಬೆಲೆ ನಮ್ಮ ಕೈಗೆ ಎಟುಕುವುದಲ್ಲ. ಜೊತೆಗೆ ಕೊಂಕಣದ ಹಳ್ಳಿಯ ಓಣಿಗಳು. ಎರಡೂ ಕಡೆ ಜಂಬಿಟ್ಟಿಗೆಯ ಪಾಗಾರ, ಮೇಲೆ ಹಲಸಿನ ಕೊಂಬೆ, ಎದುರಿಗೆ ಎಸ್‌ಟಿ ಬಸ್ಸು. ಅಲ್ಲಿ ದೊಡ್ಡ ಗಾಡಿ ಊರಿನವರ ದಾರಿಗೇ ಅಡ್ಡ. ಹಾಗಾಗಿ ಐದು ಸೀಟಿನ ಹಳೆಯ ಮಾರುತಿ ಈಕೋ ಕೊಂಡೆವು. ಉದ್ದ 3,675 ಮಿಲಿಮೀಟರ್, ಹಿಂದೆ ಖಾಲಿ ಜಾಗ ಸಾಕಷ್ಟು, ಹಿಂಬಾಗಿಲು ಮೇಲಕ್ಕೆ ತೆರೆದರೆ ಅದೇ ಅಡುಗೆಯ ಮಾಡು. ಬಾಡಿಗೆ ಒಂದು ತೂತನ್ನೂ ಕೊರೆಯಬಾರದು, ಕೂಡಿಸಿದ್ದೆಲ್ಲ ಸಾಮಾನಿನ ಹಾಗೆ ಇಳಿಸಲು ಬರಬೇಕು. ಇದು ನಮ್ಮನೆಯವರು ಹಾಕಿದ ಕಟ್ಟು.

ಮಂಚದ ಚೌಕಟ್ಟು ಮಾಡಿಸಿದ್ದು ಭೋಸರಿ ಎಂಐಡಿಸಿಯ ಒಂದು ಶೆಡ್ಡಿನಲ್ಲಿ. ವೆಲ್ಡಿಂಗ್ ಮಾಡುವವನು ನಮ್ಮನೆಯವರ ಸೀಮೆಯವನೇ, ಇಂಡಿ ತಾಲೂಕಿನವನು. ಕಬ್ಬಿಣದ ಚೌಕ ಪೈಪಿನಲ್ಲಿ ಮಾಡಿ ಬಣ್ಣ ಹೊಡೆದರೆ ಅಗ್ಗವಾಗುತ್ತದೆ ಅಂದ. ನಮ್ಮನೆಯವರು ಒಪ್ಪಲಿಲ್ಲ. ‘ತಮ್ಮಾ, ಬಣ್ಣ ಮ್ಯಾಲಿನ ಮಾತು. ಪೈಪಿನ ಒಳಗ ಉಪ್ಪು ಹೊಕ್ಕೊಂಡ್ ಕುಂತ್ರ ಯಾರಿಗೆ ಕಾಣತೈತಿ?’ ಅಂದರು. ಆತ ಸ್ವಲ್ಪ ಹೊತ್ತು ಯೋಚಿಸಿ, ‘ಹಂಗಾರ ಅಲ್ಯುಮಿನಿಯಂ ಹಾಕೂಣ್ರೀ ಸರ, ಬೋಲ್ಟ್ ಎಸ್‌ಎಸ್ಸಿನಾಗ ಕೊಡತೇನ್ರಿ’ ಅಂದ. ಅಲ್ಲೂ ಒಂದು ತೊಡಕಿತ್ತು. ಅಲ್ಯುಮಿನಿಯಂ ಮತ್ತು ಸ್ಟೇನ್‌ಲೆಸ್ ಒಂದಕ್ಕೊಂದು ತಾಗಿ, ನಡುವೆ ಉಪ್ಪುನೀರು ಸೇರಿದರೆ, ಅದೊಂದು ಸಣ್ಣ ಬ್ಯಾಟರಿಯಾಗಿ ಅಲ್ಯುಮಿನಿಯಂ ತಿನ್ನತೊಡಗುತ್ತದೆ. ಬೋಲ್ಟಿನ ಸುತ್ತ ಬಿಳಿ ಪುಡಿ ಕಾಣಿಸಿದರೆ ಅದು ಇದೇ ಕಾಯಿಲೆ. ಪ್ರತಿ ಬೋಲ್ಟಿಗೂ ನೈಲಾನ್ ವಾಷರು, ತೂತಿಗೆ ನೈಲಾನ್ ಬುಷ್ಷು ಹಾಕಿಸಿದರು. ರಸ್ತೆಯ ಕುಲುಕಿಗೆ ಸಡಿಲಾಗದಂತೆ ನೈಲಾಕ್ ನಟ್ಟು. ಸ್ಟೇನ್‌ಲೆಸ್ಸಿನಲ್ಲೂ ಅಡುಗೆಮನೆಯ 304 ಕಡಲ ಹತ್ತಿರ ಕಂದು ಚುಕ್ಕೆ ಬಿಡುತ್ತದೆ. 316ರಲ್ಲಿ ಎರಡು-ಮೂರು ಶೇಕಡ ಮಾಲಿಬ್ಡಿನಂ ಇರುವುದರಿಂದ ಅದು ಕ್ಲೋರೈಡನ್ನು ಹೆಚ್ಚು ತಡೆಯುತ್ತದೆ. ಹೊರಗಾಳಿಗೆ ಬೀಳುವ ಕೊಂಡಿಗಳಿಗೆ ಮಾತ್ರ 316, ಒಳಗಿನದಕ್ಕೆ 304 ಸಾಕೆಂದು ಆಯಿತು. ಹಲಗೆಗೆ ಐಎಸ್ 710 ಗುರುತಿನ ಮರೈನ್ ಪ್ಲೈ, ಕೊಯ್ದ ಅಂಚಿಗೆಲ್ಲ ಎಪಾಕ್ಸಿ. ನೀರು ನುಗ್ಗುವುದು ಹಲಗೆಯ ಮುಖದಿಂದಲ್ಲ, ಅಂಚಿನಿಂದ.

ಆ ಶೆಡ್ಡಿನಲ್ಲಿ ಕುಳಿತು ನೋಡಿದಾಗ ನನಗೊಂದು ಹೆಮ್ಮೆಯಾಯಿತು. ಬರಗಾಲದ ಸೀಮೆಯಿಂದ ಬಂದು, ಸಮುದ್ರ ಕಾಣದೆ ಬೆಳೆದ ಇಬ್ಬರು, ಸಮುದ್ರ ಏನು ಮಾಡೀತೆಂದು ಇಷ್ಟು ಆಸ್ಥೆಯಿಂದ ಲೆಕ್ಕ ಹಾಕುತ್ತಿದ್ದರು.

ಕರೆಂಟಿನ ಮಾತು ಬೇಗ ಮುಗಿಸುತ್ತೇನೆ. 12.8 ವೋಲ್ಟಿನ, 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಒಂದು. ಅಂದರೆ 1,280 ವ್ಯಾಟ್-ಅವರ್. ಅದರಿಂದ ಸಣ್ಣ ಫ್ರಿಜ್ಜು, ಎರಡು ದೀಪ, ಒಂದು ಫ್ಯಾನು. ಓಡುವಾಗ ಎಂಜಿನ್ನಿನಿಂದ ಚಾರ್ಜು, ನಿಂತಾಗ ಮಡಚುವ ಸೋಲಾರ್ ಹಲಗೆ. ಈಕೋದ ಎಂಜಿನ್ ಮುಂದಿನ ಸೀಟಿನ ಕೆಳಗಿರುವುದರಿಂದ ಆ ಕಾವಿನಿಂದ ದೂರ, ಹಿಂದೆ ಬ್ಯಾಟರಿ. ತಾಮ್ರದ ತಂತಿಗೆ ತವರದ ಲೇಪ ಇದ್ದರೆ ಕಡಲಗಾಳಿಗೆ ಹಸಿರು ಕಟ್ಟುವುದಿಲ್ಲ. ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ತಂತಿಯ ಆ ತುದಿಯಲ್ಲಿಟ್ಟರೆ ನಡುವಿನ ತಂತಿ ಸುಟ್ಟುಹೋದರೂ ಅದಕ್ಕೆ ತಿಳಿಯುವುದಿಲ್ಲ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲಕ್ಕಿಳಿದು ನಿಲ್ಲುತ್ತದೆ. ಇಷ್ಟು ಸಣ್ಣ ಗಾಡಿಯಲ್ಲಿ ಒಳಗೆ ಒಲೆ ಹಚ್ಚುವ ಪ್ರಶ್ನೆಯೇ ಇಲ್ಲ. ಸಿಲಿಂಡರು ಹೊರಗೆ, ಅಡುಗೆ ಹೊರಗೆ, ಮಲಗುವಾಗ ಕಿಟಕಿ ಬೆರಳಷ್ಟು ತೆರೆದು.

ನೀರಿನ ವಿಷಯದಲ್ಲಿ ನಾನೇ ಹಟ ಹಿಡಿದೆ. ಇಪ್ಪತ್ತು ಲೀಟರಿನ ಎರಡು ಕ್ಯಾನು, ನಲವತ್ತು ಕಿಲೋ ಭಾರ. ಅಷ್ಟು ಭಾರ ಎಂತಕ್ಕೆ, ದಾರಿಯಲ್ಲಿ ಬಾವಿ ಇಲ್ಲವೇ ಎಂದು ನೆಂಟರು ಕೇಳಿದರು. ರತ್ನಾಗಿರಿ, ಸಿಂಧುದುರ್ಗಕ್ಕೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ. ಆದರೆ ಆ ಜಂಬುಮಣ್ಣು ನೀರು ಹಿಡಿಯುವುದಿಲ್ಲ, ಇಳಿಜಾರು ನೆಲ ಬಂದದ್ದನ್ನೆಲ್ಲ ಕಡಲಿಗೆ ಕಳಿಸುತ್ತದೆ. ಬೇಸಿಗೆಯಲ್ಲಿ ಎಷ್ಟೋ ವಾಡಿಗಳಿಗೆ ಟ್ಯಾಂಕರೇ ಗತಿ. ಅಂಥ ಊರಿನಲ್ಲಿ ಪುಣೆಯ ಗಾಡಿಯೊಂದು ನಿಂತು, ಬಾವಿಯ ನೀರು ಸೇದಿ, ಗಾಡಿ ತೊಳೆದು ಹೋಗುವುದನ್ನು ನೋಡಿದ್ದೇನೆ, ಸಿಟ್ಟು ಬಂದಿದೆ. ಶೌಚದ ಮಾತೂ ಹೀಗೆಯೇ. ಹೆಣ್ಣುಮಕ್ಕಳಿಗೆ ಅದು ಪ್ರವಾಸದ ಮೊದಲ ಚಿಂತೆ. ಬರೆಯುವವರು ಅದನ್ನು ಬಿಟ್ಟು ಬರೆಯುತ್ತಾರೆ. ಮುಚ್ಚಳ ಗಟ್ಟಿಯಾಗಿರುವ ಬಕೆಟ್ಟು, ಅದರೊಳಗೆ ಚೀಲ, ಮರದ ಹೊಟ್ಟು, ಸುತ್ತ ಕಟ್ಟುವ ಬಟ್ಟೆಯ ಮರೆ. ಭವಾನಿ ಪೇಠೆಯಲ್ಲಿ ಹಲಗೆ ಕೊಯ್ದ ಹೊಟ್ಟನ್ನೇ ತುಂಬಿ ತಂದಿದ್ದೆವು. ಗಾಳಿಮರದ ತೋಪಿನ ಹಿಂದೆ ಗಲೀಜು ಮಾಡಿ ಹೋದವರ ಮೇಲೆ ಊರ ಹೆಂಗಸರು ಆಡುವ ಮಾತನ್ನು ಹುಡುಗಿಯಾಗಿದ್ದಾಗ ನಾನೂ ಆಡಿದವಳು.

ಮೀನಿನ ಸಾಮಾನಿಗೆ ಛಾವಣಿಯ ಒಳಬದಿಯಲ್ಲಿ ಪಟ್ಟಿಯಿಂದ ತೂಗುಬಿಟ್ಟ ಪಿವಿಸಿ ಕೊಳವೆಗಳು, ಅದರಲ್ಲಿ ಎರಡು ಕೋಲು. ರೀಲು, ಸೀಸದ ಗುಂಡು, ಹಲವು ಅಳತೆಯ ಕೊಕ್ಕೆ. ಕೋಲಿಗಿಂತ ನನಗೆ ಹತ್ತಿರದ್ದು ಕೈಗಾಳ: ಮರದ ತುಂಡಿಗೆ ಸುತ್ತಿದ ನೂಲು, ತುದಿಗೆ ಗುಂಡು, ಅದರ ಮೇಲೆ ಎರಡು ಕೊಕ್ಕೆ. ಮೀನು ಮೂಸಿದರೂ ತೋರುಬೆರಳಿಗೆ ಗೊತ್ತಾಗುತ್ತದೆ. ಒಂದು ಫ್ಲಾಸ್ಕು ಬಿಸಿನೀರು ಯಾವಾಗಲೂ ತುಂಬಿರಬೇಕು, ಚಹಕ್ಕಷ್ಟೇ ಅಲ್ಲ. ತೊರಕೆ ಮೀನಿನ ಬಾಲದ ಮುಳ್ಳೋ ಮೀಸೆಮೀನಿನ ರೆಕ್ಕೆಯ ಮುಳ್ಳೋ ಚುಚ್ಚಿದರೆ ಅದರ ನಂಜು ಕಾವಿಗೆ ಕುಂದುತ್ತದೆ. ತಾಳುವಷ್ಟು ಬಿಸಿಯ, ಸುಮಾರು 45 ಡಿಗ್ರಿಯ ನೀರಿನಲ್ಲಿ ಕೈಕಾಲು ಅದ್ದಿಕೊಂಡೇ ಆಸ್ಪತ್ರೆಯ ದಾರಿ ಹಿಡಿಯಬೇಕು. ಅಡುಗೆಯ ಹಲಗೆಯ ಅಂಚಿಗೆ ನಮ್ಮನೆಯವರು ಟೂಲ್‌ರೂಮಿನ ಸ್ಟೀಲ್ ಸ್ಕೇಲೊಂದನ್ನು ಕೂಡಿಸಿದರು. ಮಹಾರಾಷ್ಟ್ರ 2023ರಲ್ಲಿ 54 ಜಾತಿಯ ಮೀನುಗಳಿಗೆ ಹಿಡಿಯಬಹುದಾದ ಕನಿಷ್ಠ ಅಳತೆ ನಿಗದಿ ಮಾಡಿದೆ. ಆ ಕಟ್ಟಳೆ ಮುಖ್ಯವಾಗಿ ದೋಣಿಯವರಿಗೆ ಇರಬಹುದು, ಆದರೆ ಹೊಟ್ಟೆಪಾಡಿಗೆ ಹಿಡಿಯುವವರು ಪಾಲಿಸಬೇಕಾದ್ದನ್ನು ಖುಷಿಗೆ ಹಿಡಿಯುವ ನಾವು ಪಾಲಿಸದಿರಲು ಯಾವ ಕಾರಣವೂ ಇಲ್ಲ.

ಸಂಕ್ರಾಂತಿ ಕಳೆದು, ಚಳಿ ಮುರಿಯುವ ಹೊತ್ತಿಗೆ ಹೊರಟೆವು. ಪೌಡ್, ಮುಳಶಿ, ತಾಮ್ಹಿಣಿ ಘಾಟು, ಮಾಣಗಾಂವ್, ಹರಿಹರೇಶ್ವರ. ನಿಗಡಿಯಿಂದ ಸಮುದ್ರ ಇನ್ನೂರು ಕಿಲೋಮೀಟರಿನ ಒಳಗೇ ಇದೆ, ನಡುವೆ ಸಹ್ಯಾದ್ರಿ ಇರುವುದರಿಂದ ದೂರ ಅನ್ನಿಸುತ್ತದೆ. ಘಾಟು ಇಳಿಯುತ್ತಿದ್ದಂತೆ ಕಿಟಕಿಯಿಂದ ಬರುವ ಗಾಳಿ ಒದ್ದೆಯಾಯಿತು. ‘ಹಿಂಗ ಅಂಟತೈತೇನು ಇದು?’ ಎಂದು ನಮ್ಮನೆಯವರು ತೋಳು ಉಜ್ಜಿಕೊಂಡರು. ‘ಇನ್ನೂ ಸಮುದ್ರ ಕಾಣಲೇ ಇಲ್ರೀ’ ಅಂದೆ.

ಹರಿಹರೇಶ್ವರದ ಆಚೆ ಬಾಗಮಾಂಡ್ಲಾದಿಂದ ವೇಶ್ವಿಗೆ ಸಾವಿತ್ರಿ ನದಿಯ ಖಾಡಿ ದಾಟಲು ಜಂಗಲ್‌ಜೆಟ್ಟಿ ಇದೆ: ಬಸ್ಸು, ಕಾರು, ಬೈಕು, ಕೋಳಿಯ ಬುಟ್ಟಿ ಎಲ್ಲ ಒಟ್ಟಿಗೆ ಹತ್ತುವ ಅಗಲ ದೋಣಿ. ಇದೇ ದಾರಿಯಲ್ಲಿ ಮುಂದೆ ದಾಭೋಳದಲ್ಲಿ ವಾಶಿಷ್ಠಿ, ಜಯಗಡದಲ್ಲಿ ಶಾಸ್ತ್ರಿ ನದಿ. ರೇವಸ್‌ನಿಂದ ರೆಡ್ಡಿಯವರೆಗಿನ ಕರಾವಳಿ ಹೆದ್ದಾರಿಯ ಸೇತುವೆಗಳು ಮುಗಿದ ಮೇಲೆ ಈ ದಾಟುವಿಕೆ ಉಳಿಯುವುದು ಕಷ್ಟ. ಜೆಟ್ಟಿಗೆ ಕಾಯುವಾಗ ಗಾಳ ಹಾಕುತ್ತಿದ್ದ ಮುದುಕರೊಬ್ಬರು ನಮ್ಮ ಮೊಬೈಲಿನಲ್ಲಿದ್ದ ಭರತಿಯ ಪಟ್ಟಿ ನೋಡಿ, ಇದೆಲ್ಲ ಬೇಡವೆಂದು ಮರಾಠಿಯಲ್ಲಿ ಲೆಕ್ಕ ಹೇಳಿದರು. ತಿಥಿಯ ಮುಕ್ಕಾಲು ಪಾಲೇ ಭರತಿಯ ಗಂಟೆ. ಚೌತಿಯಾದರೆ ಮೂರು ಗಂಟೆಗೆ, ಅಷ್ಟಮಿಯಾದರೆ ಆರಕ್ಕೆ ನೀರು ತುಂಬಿರುತ್ತದೆ. ಅದರ ನಂತರ ಸುಮಾರು ಆರೂಕಾಲು ಗಂಟೆಗೆ ಇಳಿತ. ಚಂದ್ರನ ದೆಸೆಯಿಂದ ಭರತಿ ದಿನಕ್ಕೆ ಐವತ್ತು ನಿಮಿಷದಷ್ಟು ತಡವಾಗುತ್ತ ಹೋಗುವುದರಿಂದ ಈ ಲೆಕ್ಕ ಕೂಡುತ್ತದೆ. ಅವರು ಹೇಳಿದ್ದಕ್ಕೂ ಪಟ್ಟಿಗೂ ಹೆಚ್ಚು ಅಂತರವಿರಲಿಲ್ಲ. ಅಂದಿನಿಂದ ಡ್ಯಾಶ್‌ಬೋರ್ಡಿನ ಮೇಲೆ ಕಾಲನಿರ್ಣಯ ಕ್ಯಾಲೆಂಡರಿನ ಹಾಳೆ ಬಂತು. ಎಲ್ಲಿ ತಂಗಬೇಕು, ಎಷ್ಟಕ್ಕೆ ಏಳಬೇಕು ಎಂಬುದನ್ನು ತಿಥಿ ನೋಡಿ ಗೊತ್ತುಮಾಡತೊಡಗಿದೆವು. ದಕ್ಷಿಣಕ್ಕೆ ಬಂದಷ್ಟೂ ನೀರಿನ ಏರಿಳಿತ ತಗ್ಗುತ್ತದೆ: ಮುಂಬೈಯಲ್ಲಿ ದೊಡ್ಡ ಭರತಿಗೆ 5 ಮೀಟರಿನ ಹತ್ತಿರ ಹೋಗುವ ನೀರು ಕಾರವಾರದಲ್ಲಿ 2 ಮೀಟರಿನ ಆಸುಪಾಸು. ಕಾರವಾರದ ಅಂದಾಜಿನಲ್ಲಿ ಉತ್ತರದ ದಂಡೆಯ ಮೇಲೆ ಬುಟ್ಟಿ ಇಟ್ಟು ನಿಂತರೆ ಬುಟ್ಟಿ ತೇಲಿಹೋಗುತ್ತದೆ.

ವೇಶ್ವಿಯಿಂದ ವೇಳಾಸ್ ಹತ್ತಿರ. 2002ರಲ್ಲಿ ಚಿಪಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆ ಊರವರ ಜೊತೆ ಸೇರಿ ಕಡಲಾಮೆಯ ಮೊಟ್ಟೆ ಕಾಯಲು ತೊಡಗಿದ ಊರು ಅದು. ಮೊದಲು ಅಗೆದು ಒಯ್ಯುತ್ತಿದ್ದ ಮೊಟ್ಟೆಗಳನ್ನು ಈಗ ಬೇಲಿಯೊಳಗೆ ಹೂತು ಮರಿ ಮಾಡಿಸಿ ನೀರಿಗೆ ಬಿಡುತ್ತಾರೆ. ನೋಡಲು ಬಂದವರು ಊರವರ ಮನೆಯಲ್ಲೇ ಉಳಿದು ಉಣ್ಣುತ್ತಾರೆ. ನಾವು ಮರಳಿನ ಮೇಲೆ ಗಾಡಿ ಇಳಿಸುವ ಯಾವ ಸಾಮಾನನ್ನೂ ತಂದಿರಲಿಲ್ಲ, ಹಲಗೆಯಿಲ್ಲ, ವಿಂಚಿಲ್ಲ. ದಂಡೆಯ ಮೇಲೆ ಗಾಡಿ ಓಡಿಸುವವರಿಗೆ ಮರಳಿನಡಿ ಏನಿದೆಯೆಂದು ಕಾಣುವುದಿಲ್ಲ. ಆಮೆಯ ಗೂಡು ಅಲ್ಲಿರುತ್ತದೆ, ಏಡಿಯ ಬಿಲ ಅಲ್ಲಿರುತ್ತದೆ. ಮೊಟ್ಟೆಯೊಡೆದ ಮರಿ ನೀರಿನ ಬೆಳಕನ್ನು ಹುಡುಕಿ ನಡೆಯುತ್ತದೆ, ಹಿಂದೆ ಬಿಳಿ ದೀಪವಿದ್ದರೆ ಅತ್ತ ತಿರುಗಿ ಸಾಯುತ್ತದೆ. ಅದಕ್ಕೇ ನಮ್ಮ ಗಾಡಿಯ ಹೊರದೀಪ ಕೆಂಪು. ಗಾಡಿ ನಿಂತದ್ದು ಊರೊಳಗೆ, ಒಂದು ಮನೆಯ ಅಡಿಕೆ ವಾಡಿಯ ಅಂಗಳದಲ್ಲಿ. ಆ ಮನೆಯಲ್ಲೇ ಊಟ ಮಾಡಿ ದುಡ್ಡು ಕೊಟ್ಟೆವು. ಗಾಡಿಯಲ್ಲಿ ಅಡುಗೆ ಇದೆಯೆಂದು ಊರಿನಲ್ಲಿ ಒಂದು ಚಹವನ್ನೂ ಕೊಳ್ಳದೆ ಹೋಗುವುದು ನನಗೆ ಸರಿಕಾಣದು.

ಹರ್ಣೈಯಲ್ಲಿ ಸಂಜೆಯ ಹರಾಜು. ದೋಣಿಗಳು ಆಳದಲ್ಲಿ ನಿಲ್ಲುತ್ತವೆ, ಎತ್ತಿನ ಗಾಡಿಗಳು ನೀರಿಗೆ ಇಳಿದು ಮೀನು ಹೊತ್ತು ತರುತ್ತವೆ, ಹಿಂದೆ ಸುವರ್ಣದುರ್ಗ. ಅಲ್ಲಿ ಬಂಗುಡೆ ಕೊಂಡು, ತವರಿನ ಹಾಗೆ ಜುಮ್ಮನಕಾಯಿ ಹಾಕಿ ಸಾರು ಮಾಡಿದೆ. ಗಾಳಕ್ಕೆ ಬಿದ್ದದ್ದು ಕಡಿಮೆ. ಬಿದ್ದದ್ದರಲ್ಲೂ ಸ್ಕೇಲಿನ ಮೇಲೆ ನಿಂತದ್ದು ಇನ್ನೂ ಕಡಿಮೆ. ಸಣ್ಣದನ್ನು ಒದ್ದೆಗೈಯಲ್ಲಿ ಹಿಡಿದು ಬಿಡಬೇಕು. ಒಣಗೈ ಅದರ ಮೈಯ ಲೋಳೆ ಕಿತ್ತರೆ ಬಿಟ್ಟ ಮೀನೂ ಬದುಕುವುದು ಅನುಮಾನ.

ರತ್ನಾಗಿರಿ, ಮಾಲವಣ, ಗೋವಾ ದಾಟಿ ಮಾಜಾಳಿಯಲ್ಲಿ ಕನ್ನಡದ ಬೋರ್ಡು ಕಂಡಿತು. ಕಾರವಾರಕ್ಕೆ ಬರುವಾಗ ಕಾಳಿ ನದಿಯ ಹೊಸ ಸೇತುವೆಯಿಂದ ಪಕ್ಕಕ್ಕೆ ನೋಡಿದೆ. 2024ರ ಆಗಸ್ಟ್ 7ರಂದು ಹಳೆಯ ಸೇತುವೆ ಲಾರಿಯೊಂದರ ಸಮೇತ ಕುಸಿದ ಜಾಗ. ಬಿಣಗಾದಿಂದ ಮುಂದೆ ಸೀಬರ್ಡ್ ನೌಕಾನೆಲೆಯ ಬೇಲಿ. ನನ್ನ ಓರಗೆಯ ಎಷ್ಟೋ ಹುಡುಗಿಯರ ತವರು ಆ ಬೇಲಿಯೊಳಗೆ ಹೋಯಿತು. ಅಲ್ಲಿ ದಂಡೆಗೆ ಇಳಿಯುವ ದಾರಿ ಯಾರಿಗೂ ಇಲ್ಲ.

ಅಂಕೋಲೆಯ ಕೇಣಿಯಲ್ಲಿ ನನ್ನ ಸೋದರಮಾವ ಇದ್ದಾರೆ. ಪಾತಿ ದೋಣಿ, ಸಣ್ಣ ಬಲೆ. ರಂಪಣಿಯ ಕಾಲ ಕಂಡವರು. ನೂರಾರು ಮೀಟರಿನ ಬಲೆಯನ್ನು ಊರೆಲ್ಲ ಸೇರಿ ದಂಡೆಗೆ ಎಳೆಯುತ್ತಿದ್ದಾಗ ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲಿತ್ತು. 1970ರ ದಶಕದ ನಡುವೆ ಪರ್ಸೀನ್ ದೋಣಿಗಳು ಬಂದು ಬಂಗುಡೆಯ ಹಿಂಡನ್ನು ಆಳದಲ್ಲೇ ಸುತ್ತುವರಿಯತೊಡಗಿದ ಮೇಲೆ ರಂಪಣಿ ಖಾಲಿ ಬರತೊಡಗಿತು. ಈಗ ಅದೇ ಕೇಣಿಯ ಕಡಲಿನಲ್ಲಿ ದೊಡ್ಡ ಬಂದರು ಕಟ್ಟುವ ಯೋಜನೆ ಬಂದಿದೆ, ಮೀನುಗಾರರು ಬೇಡವೆಂದು ಬೀದಿಗಿಳಿದಿದ್ದಾರೆ. ನಾನು ಅವರ ಪಕ್ಷ.

ಮಾವ ಗಾಡಿಯ ಹಿಂಬಾಗಿಲು ತೆಗೆಸಿ ಒಂದೊಂದೇ ಪೆಟ್ಟಿಗೆ ಎಳೆದು ನೋಡಿದರು. ‘ಇಷ್ಟೆಲ್ಲ ಎಂತಕ್ಕೆ ತಂದ್ಯೆ ತಂಗಿ? ಗಾಳ ಇಲ್ಲಿ ಇರ್ಲಿಲ್ವಾ?’ ಅಂದರು. ಆದರೆ ನೈಲಾನ್ ವಾಷರಿನ ಹತ್ತಿರ ಅವರ ಕೈ ನಿಂತಿತು. ಉಗುರಿನಿಂದ ಕೆರೆದು, ಇದು ಎಂತ ಮಾಡ್ತದೆ ಎಂದು ನಮ್ಮನೆಯವರನ್ನು ಕೇಳಿದರು. ಇವರು ಹೇಳಿದರು. ಮಾವ ಏನೂ ಮಾತಾಡದೆ ಇವರನ್ನು ದೋಣಿಯ ಹತ್ತಿರ ಕರೆದುಕೊಂಡು ಹೋದರು. ಮೂಕಿಯಲ್ಲಿ ಹಗ್ಗ ಕಟ್ಟುವ ಕಬ್ಬಿಣದ ಬಳೆ ಪದರು ಪದರಾಗಿ ಏಳುತ್ತಿತ್ತು, ಮರಕ್ಕೆ ಕೂಡಿಸಿದ ಬೋಲ್ಟಿನ ತಲೆ ಅರ್ಧ ಸವೆದಿತ್ತು. ಎರಡು ವರ್ಷಕ್ಕೊಮ್ಮೆ ಬದಲಿಸುವುದೇ ಆಯಿತು, ಮಳೆಗಾಲದ ಮುಂಚೆ ಮುರಿದರೆ ದೋಣಿ ಹೋಯಿತು ಅಂದರು. ಇವರು ಜೇಬಿನಿಂದ ವರ್ನಿಯರ್ ತೆಗೆದು ಬಳೆಯ ದಪ್ಪ, ಬೋಲ್ಟಿನ ಉದ್ದ, ತೂತಿನ ಅಗಲ ಅಳೆದು ಬರೆದುಕೊಂಡರು.

ಸಂಜೆ ದಂಡೆಯಲ್ಲಿ ಮಾವನ ಕೈಗಾಳಕ್ಕೆ ನೋಗಲಿ ಬಿದ್ದವು, ದಕ್ಷಿಣದವರು ಕಾಣೆ ಅನ್ನುವ ಮೀನು. ನನಗೂ ಬಿದ್ದವು. ನಮ್ಮನೆಯವರು ರವೆ ಹಚ್ಚಿ ಹುರಿದರು.

ನಿಗಡಿಗೆ ಬಂದ ಮರುದಿನವೇ ಗಾಡಿಯ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆದು, ಸಂದಿಗಳಿಗೆ ಮೇಣದೆಣ್ಣೆ ಬಿಟ್ಟೆವು. ಭೋಸರಿಯ ಶೆಡ್ಡಿನಲ್ಲಿ ಇಂಡಿಯ ಹುಡುಗ ಆ ಬಳೆಯನ್ನು 316ರಲ್ಲಿ ಬಗ್ಗಿಸುತ್ತಿದ್ದಾನೆ. ಮಾವನ ನೆರೆಯವರಿಬ್ಬರು ಫೋನಿನಲ್ಲಿ ತಮ್ಮ ದೋಣಿಯ ಅಳತೆಯನ್ನೂ ಕಳಿಸಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ, ಮಳೆ ಹಿಡಿದರೆ ಪಾತಿ ದೋಣಿಗಳೂ ದಂಡೆ ಹತ್ತುತ್ತವೆ. ಅದಕ್ಕೆ ಮುಂಚೆ ಮೇ ತಿಂಗಳಲ್ಲೇ ಬಳೆಗಳು ಕೇಣಿಗೆ ತಲುಪಬೇಕು. ಹಾಗಾಗಿ ಈ ಸಲ ಮಂಚದ ಅಡಿಯ ಒಂದು ಪೆಟ್ಟಿಗೆಯನ್ನು ಖಾಲಿ ಮಾಡಿದ್ದೇವೆ. ನೀರಿನ ಕ್ಯಾನು ಮಾತ್ರ ಎರಡೂ ಇರುತ್ತವೆ.